ಲೆಕ್ಕ ಕೇಳುವುದು ಅಪನಂಬಿಕೆಯಲ್ಲ



ಪೌರನೀತಿಯ ಪಾಠದಲ್ಲಿ ನೀವು ಸಂಸತ್ತು, ವಿಧಾನಸಭೆ, ಗ್ರಾಮ ಪಂಚಾಯಿತಿಗಳ ವಿಷಯ ಓದಿದ್ದೀರಿ. ಆದರೆ ನಿಮ್ಮಲ್ಲಿ ಹಲವರು ವಾಸಿಸುವ ಕಟ್ಟಡದಲ್ಲಿಯೇ, ಲಿಫ್ಟಿನ ಪಕ್ಕದ ಗೋಡೆಯ ಮೇಲೆ, ಒಂದು ಪುಟ್ಟ ಸರ್ಕಾರದ ಪ್ರಕಟಣೆ ಅಂಟಿಸಿರುತ್ತದೆ: ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಿವಾಸಿಗಳ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ. ಎಲ್ಲ ಮಾಲೀಕರೂ ತಪ್ಪದೆ ಬರಬೇಕು.’ ಅದನ್ನು ಓದಿದ ಹಿರಿಯರು, ‘ಹೋಗಿ ಏನು ಪ್ರಯೋಜನ? ಬರೀ ಜಗಳ’ ಎಂದು ಮುಂದೆ ನಡೆಯುವುದನ್ನೂ ನೀವು ಕಂಡಿರಬಹುದು. ಇಂದು ನಾನು ಮಾತನಾಡಬೇಕೆಂದಿರುವುದು ಆ ಜಗಳದ ವಿಷಯವನ್ನೇ. ಅದು ಏಕೆ ಹುಟ್ಟುತ್ತದೆ? ಅದನ್ನು ನ್ಯಾಯವಾಗಿ ಬಗೆಹರಿಸುವ ದಾರಿ ಯಾವುದು?

ಮೊದಲು ಆಸ್ತಿಯ ಸ್ವರೂಪವನ್ನು ತಿಳಿಯೋಣ. ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರಿಗೆ ತಮ್ಮ ಬಾಗಿಲಿನ ಒಳಗಿನ ಜಾಗ ಸ್ವಂತ. ಬಾಗಿಲಿನ ಹೊರಗಿರುವ ಮೆಟ್ಟಿಲು, ಲಿಫ್ಟು, ತಾರಸಿ, ಸಂಪು, ಕೊಳವೆ ಬಾವಿ ಇವೆಲ್ಲ ಎಲ್ಲರಿಗೂ ಸೇರಿದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ ಪ್ರಕಾರ ಇದರಲ್ಲಿ ಪ್ರತಿ ಮಾಲೀಕರಿಗೂ ಅವಿಭಾಜ್ಯ ಪಾಲುಂಟು. ಅಂದರೆ, ‘ಈ ಮೆಟ್ಟಿಲು ನನ್ನದು, ಆ ಮೆಟ್ಟಿಲು ನಿನ್ನದು’ ಎಂದು ಹಂಚಿಕೊಳ್ಳುವಂತಿಲ್ಲ. ಹಂಚಿಕೊಳ್ಳಲಾಗದ್ದನ್ನು ಕೂಡಿಯೇ ನೋಡಿಕೊಳ್ಳಬೇಕು. ಅದಕ್ಕಾಗಿಯೇ ಸಂಘ, ಆಡಳಿತ ಮಂಡಳಿ, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ.

ಇಲ್ಲಿ ಓಡಾಡುವ ಹಣವೇನೂ ಚಿಕ್ಕದಲ್ಲ. 60 ಮನೆಗಳ ಒಂದು ಕಟ್ಟಡವನ್ನು ಊಹಿಸಿಕೊಳ್ಳಿ. ತಿಂಗಳಿಗೆ ಮನೆಗೆ 2,500 ರೂಪಾಯಿ ನಿರ್ವಹಣಾ ಶುಲ್ಕವೆಂದರೂ ತಿಂಗಳಿಗೆ ಒಂದೂವರೆ ಲಕ್ಷ, ವರ್ಷಕ್ಕೆ 18 ಲಕ್ಷ ರೂಪಾಯಿ. ಇಷ್ಟು ಹಣವನ್ನು ನಾಲ್ಕೈದು ಜನ, ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು, ಬಹುಮಟ್ಟಿಗೆ ಸಂಬಳವಿಲ್ಲದೆ ನಿರ್ವಹಿಸುತ್ತಾರೆ. ಅವರ ಶ್ರಮವನ್ನು ನಾವು ಮೊದಲು ಗೌರವಿಸಬೇಕು.

ಇನ್ನು ಜಗಳಕ್ಕೆ ಬರೋಣ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಕಡೆ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. ಮಾರ್ಚ್ ತಿಂಗಳಲ್ಲಿ ನಗರ ಜಿಲ್ಲಾಡಳಿತವು ದರ ನಿಗದಿ ಮಾಡಿ, ಐದು ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಎಂದು ಗೊತ್ತುಪಡಿಸಿತು. ನಾವು ಊಹಿಸಿಕೊಂಡ ಕಟ್ಟಡಕ್ಕೆ ಅಂಥ ಬೇಸಿಗೆಯಲ್ಲಿ ದಿನಕ್ಕೆ ಎರಡರಂತೆ 90 ದಿನ ಟ್ಯಾಂಕರ್ ಬಂದಿತು ಎನ್ನಿ; ಒಟ್ಟು 180 ಟ್ಯಾಂಕರ್. ನಿಗದಿಯಾದ ದರದಲ್ಲಿ 1,80,000 ರೂಪಾಯಿ ಆಗಬೇಕು. ಆದರೆ ಸಂಘದ ಲೆಕ್ಕದಲ್ಲಿ 3,24,000 ಎಂದು ಒಂದೇ ಸಾಲು ಬರೆದಿದೆ. ಬಿಲ್ಲುಗಳಿಲ್ಲ. ಮೂರನೆಯ ಮಹಡಿಯ ನಿವೃತ್ತ ಶಿಕ್ಷಕಿಯೊಬ್ಬರು ಎದ್ದುನಿಂತು, ‘ಕಾರ್ಯದರ್ಶಿಗಳೆ, ಈ 1,44,000 ರೂಪಾಯಿ ಹೆಚ್ಚಾದದ್ದು ಹೇಗೆ? ರಸೀದಿಗಳನ್ನು ನೋಡಬಹುದೇ?’ ಎಂದು ಕೇಳುತ್ತಾರೆ. ಕಾರ್ಯದರ್ಶಿಗಳ ಮುಖ ಕೆಂಪಾಗುತ್ತದೆ. ‘ಅಂದರೆ ನಾನು ಕಳ್ಳನೇ, ಮೇಡಂ? ರಾತ್ರಿ ಎರಡು ಗಂಟೆಗೆ ಟ್ಯಾಂಕರಿಗಾಗಿ ಗೇಟಿನಲ್ಲಿ ಕಾದವನು ನಾನು!’ ಎನ್ನುತ್ತಾರೆ. ಸಭೆ ಎರಡು ಪಕ್ಷವಾಗುತ್ತದೆ. ಮರುದಿನದಿಂದ ಲಿಫ್ಟಿನಲ್ಲಿ ಎದುರಾದರೂ ಮಾತಿಲ್ಲ.

ಮಿತ್ರರೆ, ಇಲ್ಲಿ ತಪ್ಪು ಯಾರದು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಹೇಳಿ ನಗುವುದು ಸುಲಭ. ಆದರೆ ಆ ಕಾರ್ಯದರ್ಶಿಗಳು ಪ್ರಾಮಾಣಿಕರೇ ಇರಬಹುದು. ನಿಗದಿಯಾದ ದರಕ್ಕೆ ಒಬ್ಬರೂ ಬರಲೊಪ್ಪದೆ, ಮನೆಮನೆಯ ನಲ್ಲಿ ಒಣಗಿದಾಗ ಅವರು 1,800 ರೂಪಾಯಿ ಕೊಟ್ಟು ನೀರು ತರಿಸಿರಬಹುದು. ಪ್ರತಿ ಟ್ಯಾಂಕರಿಗೂ ರಸೀದಿ ಪಡೆದು, ಗೇಟಿನ ಪುಸ್ತಕದಲ್ಲಿ ಬಂದ ವೇಳೆಯನ್ನು ಬರೆಸಿ, ದರ ಹೆಚ್ಚಿದ ದಿನವೇ ಮಂಡಳಿಯ ಒಪ್ಪಿಗೆ ಪಡೆದು ನಡಾವಳಿ ಪುಸ್ತಕದಲ್ಲಿ ದಾಖಲಿಸಿದ್ದರೆ ಆ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಕಾಗದವಿಲ್ಲದ್ದರಿಂದ ಪ್ರಾಮಾಣಿಕನೂ ಅಪ್ರಾಮಾಣಿಕನೂ ಒಂದೇ ರೀತಿ ಕಾಣುತ್ತಾರೆ. ಲೆಕ್ಕದ ಪುಸ್ತಕ ಸದಸ್ಯರ ಹಣವನ್ನು ಕಾಯುವಷ್ಟೇ ಅಧಿಕಾರಿಯ ಮಾನವನ್ನೂ ಕಾಯುತ್ತದೆ.

ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. 1972ರ ಕಾಯಿದೆಯು ಪ್ರತಿ ಸಂಘಕ್ಕೂ ಉಪವಿಧಿಗಳು, ಅಂದರೆ ಬೈಲಾ, ಇರಬೇಕೆನ್ನುತ್ತದೆ. ಮಾಲೀಕರ ನಡುವಿನಿಂದಲೇ ಮಂಡಳಿಯ ಚುನಾವಣೆ, ಪ್ರತಿ ವರ್ಷ ಕನಿಷ್ಠ ಮೂರನೆಯ ಒಂದು ಭಾಗ ಸದಸ್ಯರ ಅವಧಿ ಮುಗಿಯುವ ಏರ್ಪಾಟು, ಸದಸ್ಯರನ್ನು ಸ್ಥಾನದಿಂದ ತೆಗೆಯುವ ಕ್ರಮ, ಲೆಕ್ಕಪತ್ರ ಇಡಬೇಕಾದ ಖಜಾಂಚಿ ಇವೆಲ್ಲ ಬೈಲಾದಲ್ಲಿ ಬರಬೇಕಾದ ವಿಷಯಗಳು. ಒಬ್ಬರೇ ಹತ್ತು ವರ್ಷ ಕುರ್ಚಿ ಬಿಡದೆ ಕೂರುವುದು ಅವರು ಒಳ್ಳೆಯವರಾದರೂ ಒಳ್ಳೆಯ ಪದ್ಧತಿಯಲ್ಲ.

ಇದೇನು ಹೊಸ ಕಾಲದ ಆಲೋಚನೆಯೇ? ಅಲ್ಲ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ಉತ್ತರಮೇರೂರು ಎಂಬ ಊರಿದೆ. ಹತ್ತನೆಯ ಶತಮಾನದ ಆರಂಭದಲ್ಲಿ, ಚೋಳ ದೊರೆ ಮೊದಲನೆಯ ಪರಾಂತಕನ ಕಾಲದಲ್ಲಿ, ಅಲ್ಲಿನ ದೇವಾಲಯದ ಗೋಡೆಯ ಮೇಲೆ ಗ್ರಾಮಸಭೆಯ ನಿಯಮಗಳನ್ನು ಕೆತ್ತಿಸಿದರು. ಊರಿನ 30 ಭಾಗಗಳಿಂದ ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸಿ ಸಮಿತಿಗಳಿಗೆ ಆರಿಸುತ್ತಿದ್ದರು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರಿಗೆ ಅವಕಾಶವಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರನ್ನು ಮತ್ತೆ ಓಲೆಯಲ್ಲಿ ಬರೆಯುವಂತಿಲ್ಲ. ಅವರ ಹತ್ತಿರದ ಬಂಧುಗಳ ಹೆಸರನ್ನೂ ಬರೆಯುವಂತಿಲ್ಲ! ಆ ಸಭೆಯಲ್ಲಿ ಭೂಮಿಯುಳ್ಳ, ವೇದ ಬಲ್ಲ ಗಂಡಸರಿಗೆ ಮಾತ್ರ ಸ್ಥಾನವಿತ್ತು ಎಂಬ ಕೊರತೆಯನ್ನು ನಾವು ಮರೆಯಬಾರದು. ಆದರೂ ಲೆಕ್ಕ ಒಪ್ಪಿಸುವುದು ಅಧಿಕಾರದ ಮೊದಲ ಷರತ್ತು ಎಂಬುದನ್ನು ಅವರು ಕಲ್ಲಿನಲ್ಲಿ ಬರೆದಿಟ್ಟರು.

ಈಗ ನಾಣ್ಯದ ಮತ್ತೊಂದು ಮುಖ ನೋಡೋಣ. ‘ಲೆಕ್ಕ ತೋರಿಸುವವರೆಗೆ ಶುಲ್ಕ ಕಟ್ಟುವುದಿಲ್ಲ’ ಎಂದು ಕೆಲವರು ಹಟ ಹಿಡಿಯುತ್ತಾರೆ. ‘ನಾನು ನೆಲಮಹಡಿಯವನು, ಲಿಫ್ಟಿಗೆ ಏಕೆ ಕೊಡಲಿ?’ ಎನ್ನುವವರೂ ಇದ್ದಾರೆ. ಸಾಮಾನ್ಯ ಸೌಕರ್ಯವನ್ನು ಬಳಸುವುದಿಲ್ಲವೆಂದು ಹೇಳಿ ಯಾರೂ ತಮ್ಮ ಪಾಲಿನ ವೆಚ್ಚದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಶುಲ್ಕ ನಿಲ್ಲಿಸಿದರೆ ಮೊದಲು ಏಟು ಬೀಳುವುದು ಕಾವಲುಗಾರನ ಸಂಬಳಕ್ಕೆ, ಗುಡಿಸುವ ಹೆಂಗಸಿನ ಕೂಲಿಗೆ. ಅವರು ಯಾವ ತಪ್ಪು ಮಾಡಿದ್ದಾರೆ? ಹಾಗೆಯೇ ಬಾಕಿದಾರರ ಮನೆಯ ನೀರನ್ನು ಮಂಡಳಿ ತಟ್ಟನೆ ನಿಲ್ಲಿಸಿದರೆ ಅದೂ ಅನ್ಯಾಯ. ಬಾಕಿ ವಸೂಲಿಗೆ ಕಾನೂನಿನ ಮಾರ್ಗವಿದೆ. ಮನೆಯೊಳಗಿನ ಮಗುವಿನ ಬಾಯಾರಿಕೆ ಅದರ ಸಾಧನವಾಗಬಾರದು. ಅಂದಮೇಲೆ ಹೊಣೆಗಾರಿಕೆ ಎರಡೂ ಕಡೆಯದು.

ಇನ್ನೊಂದು ಮಾತು. ಸಾಮಾನ್ಯವಾಗಿ ಸಂಘದಲ್ಲಿ ಮತ ಇರುವುದು ಮಾಲೀಕರಿಗೆ. ಬಾಡಿಗೆಗೆ ಇರುವ ಕುಟುಂಬ, ಮನೆಗೆಲಸದವರು, ಕಾವಲುಗಾರರು ಸಭೆಯ ತೀರ್ಮಾನಗಳಿಗೆ ಒಳಪಟ್ಟಿರುತ್ತಾರೆ, ಆದರೆ ಸಭೆಯಲ್ಲಿ ಇರುವುದಿಲ್ಲ. ಇಲ್ಲದವರ ಪರವಾಗಿ ಯೋಚಿಸುವುದು ಇದ್ದವರ ಕರ್ತವ್ಯ.

ಹಾಗಾದರೆ ಲೆಕ್ಕ ಸಿಗದಾಗ ಏನು ಮಾಡಬೇಕು? ಮೊದಲು ಬೈಲಾವನ್ನು ಓದಬೇಕು. ದೂರುವವರಲ್ಲಿ ಎಷ್ಟೋ ಜನ ಅದನ್ನು ತೆರೆದೇ ಇರುವುದಿಲ್ಲ. ಅನಂತರ ಯಾವ ತಿಂಗಳ, ಯಾವ ಖರ್ಚಿನ ದಾಖಲೆ ಬೇಕೆಂದು ಬರವಣಿಗೆಯಲ್ಲಿ, ಸಭ್ಯ ಭಾಷೆಯಲ್ಲಿ ಕೇಳಬೇಕು. ಉತ್ತರ ಬಾರದಿದ್ದರೆ ವಿಷಯವನ್ನು ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಒತ್ತಾಯಿಸಬೇಕು. ಚರ್ಚೆಯಾದದ್ದು ನಡಾವಳಿಯಲ್ಲಿ ಬಂದಿದೆಯೇ ಎಂದು ನೋಡಬೇಕು. ಅದೂ ಫಲಿಸದಿದ್ದರೆ ಚುನಾವಣೆ ಇದೆ, ಕೊನೆಯಲ್ಲಿ ನ್ಯಾಯಾಲಯವಿದೆ. ಅನೇಕ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿತವಾಗಿವೆ. ಅಪಾರ್ಟ್‌ಮೆಂಟ್ ಸಂಘಕ್ಕೆ ಆ ಕಾಯಿದೆ ಒಪ್ಪುವುದೇ ಎಂಬ ಪ್ರಶ್ನೆಯೇ ಉಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ಆ ಕಾಯಿದೆಯಡಿ ಸದಸ್ಯರಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕಾಗುತ್ತದೆ. ಈ ಸಂಖ್ಯೆಯನ್ನು ಗಮನಿಸಿ. 60 ಜನ ಸದಸ್ಯರಿದ್ದರೆ 20 ಜನ ಒಂದಾಗಬೇಕು. ಸಭೆಗೆ ಹತ್ತೇ ಜನ ಬರುವ ಕಟ್ಟಡದಲ್ಲಿ ಕಾನೂನು ತಾನಾಗಿ ಮೆಟ್ಟಿಲು ಹತ್ತಿ ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೆ, ‘ಇದು ದೊಡ್ಡವರ ವಿಷಯ’ ಎಂದು ನಿಮಗೆ ಅನ್ನಿಸಬಹುದು. ನಿಮ್ಮ ವಿದ್ಯಾರ್ಥಿನಿಲಯದ ಊಟದ ಸಮಿತಿಯನ್ನು ನೆನೆಯಿರಿ. ತರಗತಿಯ ಪ್ರವಾಸಕ್ಕೆ ಕೂಡಿಸಿದ ಹಣವನ್ನು ನೆನೆಯಿರಿ. ಆ ಹಣ ನಿಮ್ಮ ಕೈಯಲ್ಲಿದ್ದರೆ, ಪ್ರವಾಸದಿಂದ ಹಿಂದಿರುಗಿದ ವಾರದೊಳಗೆ, ಯಾರೂ ಕೇಳುವ ಮೊದಲೇ, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಬರೆದು ಗೋಡೆಗೆ ಅಂಟಿಸಿ. ಹಣ ಗೆಳೆಯನ ಕೈಯಲ್ಲಿದ್ದರೆ ನಗುನಗುತ್ತಲೇ ಲೆಕ್ಕ ಕೇಳಿ. ಅವನು ಕೇಳಿದಾಗ ನೀವು ಮುನಿಯಬೇಡಿ. ಮುಂದೆ ನೀವು ಒಂದು ಕಟ್ಟಡದ, ಒಂದು ಊರಿನ ಹಣವನ್ನು ಕೈಯಲ್ಲಿ ಹಿಡಿಯುವ ದಿನ ಬಂದಾಗ ಈ ಅಭ್ಯಾಸ ನಿಮ್ಮ ನೆರವಿಗೆ ಬರುತ್ತದೆ.

ಬರುವ ಭಾನುವಾರ ನಿಮ್ಮ ಕಟ್ಟಡದಲ್ಲಿ ಸಭೆಯಿದ್ದರೆ ಮನೆಯ ಹಿರಿಯರನ್ನು ಒತ್ತಾಯಮಾಡಿ ಕಳುಹಿಸಿ. ಸಾಧ್ಯವಾದರೆ ನೀವೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ಪುಸ್ತಕದಲ್ಲಿ ಓದಿದ ಪ್ರಜಾಪ್ರಭುತ್ವ ಅಲ್ಲಿ ನಿಮಗೆ ಪ್ರತ್ಯಕ್ಷವಾಗಿ ಕಾಣುತ್ತದೆ.