ಕ್ಷುದ್ರಗ್ರಹದ ಬೆನ್ನುಹತ್ತಿ

ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿ ಎರಡು ವರ್ಷವಾಗಿತ್ತು. 1959ರಲ್ಲಿ ಕ್ಯಾಲಿಫೋರ್ನಿಯಾದ ಥ್ಯಾಚರ್ ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗಾಗಿ ಬೇಸಿಗೆ ವಿಜ್ಞಾನ ಶಿಬಿರವೊಂದು ಶುರುವಾಯಿತು. ಈಗ ಅದು ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಿದೆ.

ಆ ಶಿಬಿರದ ಖಗೋಳ ವಿಭಾಗದ ಮಕ್ಕಳು ವಾರಗಟ್ಟಲೆ ಜೊತೆಗಿದ್ದು ಒಂದು ಕ್ಷುದ್ರಗ್ರಹದ ಬೆನ್ನುಹತ್ತುತ್ತಾರೆ. ರಾತ್ರಿ ಟೆಲಿಸ್ಕೋಪಿನಲ್ಲಿ ಅದರ ಚಿತ್ರ ತೆಗೆಯುತ್ತಾರೆ. ಹಗಲು, ಆ ಚಿತ್ರಗಳಲ್ಲಿ ಅಕ್ಕಪಕ್ಕದ ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಅದರ ಸ್ಥಾನ ಅಳೆಯುತ್ತಾರೆ; ಗಣಿತಜ್ಞ ಗಾಸ್ ತೋರಿಸಿದ ದಾರಿಯಲ್ಲಿ ಕಕ್ಷೆಯನ್ನು ಲೆಕ್ಕಹಾಕುತ್ತಾರೆ. ಮೋಡ ಕವಿದರೆ ಆ ರಾತ್ರಿ ಹೋಯಿತು. ಲೆಕ್ಕ ತಪ್ಪಿದರೆ ತಂಡದವರೆಲ್ಲ ಕೂತು ಹುಡುಕಬೇಕು. ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ಇರುವುದಿಲ್ಲ. ನನಗೆ ತುಂಬ ಇಷ್ಟವಾದದ್ದು ಇದೇ.

ನಮ್ಮಲ್ಲಿ ಎಷ್ಟೋ ಮಕ್ಕಳ ಬೇಸಿಗೆ ರಜೆ ಮುಂದಿನ ತರಗತಿಯ ಟ್ಯೂಷನ್ನಿನಲ್ಲೇ ಮುಗಿಯುತ್ತದೆ. ಪೋಷಕರೇ, ಈ ರಜೆಯಲ್ಲಿ ಅವರಿಗೆ ಅಂಕವಿಲ್ಲದ ಒಂದು ಪ್ರಶ್ನೆ ಕೊಡಿ. ಅದರ ಹಿಂದೆ ಅಲೆಯಲು ಸಮಯವನ್ನೂ ಕೊಡಿ.