ಹುಣಸೆಯ ಹುಳಿ, ಸಿಂಕೋನಾದ ಕಹಿ



ಮೈಸೂರಿನಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಓಡಾಡಿದವರಿಗೆ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳು ಗೊತ್ತು. ಕೇರಳದಿಂದ ಬರುವವರು ಗಾಡಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವುದು ಅಲ್ಲೇ. ಆ ಹೂವು ಚೀಲ ಚೀಲವಾಗಿ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಬಣ್ಣದ ಮುಖ್ಯ ವಸ್ತುವಿನ ಹೆಸರು ಲ್ಯೂಟಿನ್. ಈ ಅಣುವಿನಲ್ಲಿ ಮೂರು ಕಡೆ ಪರಮಾಣುಗಳನ್ನು ಎರಡೆರಡು ರೀತಿಯಲ್ಲಿ ಜೋಡಿಸಲು ಬರುತ್ತದೆ. ಹಾಗಾಗಿ ಲೆಕ್ಕದಲ್ಲಿ ಎಂಟು ಬಗೆಯ ಲ್ಯೂಟಿನ್ ಇರಬಹುದು. ಹೂವಿನಲ್ಲಿ ಇರುವುದು ಒಂದೇ ಬಗೆ. ಚಾಮರಾಜನಗರದ ಕಡೆ ಅರಿಶಿನ ಬೇಯಿಸುವಾಗ ಊರೆಲ್ಲ ಹರಡುತ್ತದಲ್ಲ ಒಂದು ಗಾಟು ವಾಸನೆ, ಅದರಲ್ಲಿರುವ ಟರ್ಮೆರೋನ್ ಎಂಬ ಅಣುವಿನ ಕಥೆಯೂ ಇದೇ. ಎರಡು ಬಗೆ ಸಾಧ್ಯವಿದ್ದರೂ ಗಿಡ ಒಂದನ್ನೇ ಮಾಡುತ್ತದೆ.

ಎರಡು ಬಗೆ ಎಂದರೆ ಏನು? ದೇವರ ಮನೆಯ ಶಂಖವನ್ನು ನೆನಪಿಸಿಕೊಳ್ಳಿ. ಎಡಮುರಿ ಶಂಖ ಎಲ್ಲ ಕಡೆ ಸಿಗುತ್ತದೆ. ಬಲಮುರಿ ಅಪರೂಪ, ಅದಕ್ಕೇ ಅದಕ್ಕೆ ಅಷ್ಟು ಬೆಲೆ. ತೂಕ, ಉದ್ದ, ಬಣ್ಣ ಎಲ್ಲ ಒಂದೇ ಆಗಿದ್ದರೂ ಎಡಮುರಿಯನ್ನು ಹೇಗೆ ತಿರುಗಿಸಿ ಇಟ್ಟರೂ ಬಲಮುರಿ ಆಗುವುದಿಲ್ಲ. ಕನ್ನಡಿಯೊಳಗೆ ಮಾತ್ರ ಆಗುತ್ತದೆ. ಇಂಗಾಲದ ಒಂದು ಪರಮಾಣುವಿಗೆ ನಾಲ್ಕು ದಿಕ್ಕಿನಲ್ಲಿ ನಾಲ್ಕು ಬೇರೆ ಬೇರೆ ಗುಂಪುಗಳು ಅಂಟಿಕೊಂಡರೆ ಅಣುವಿಗೂ ಇದೇ ಗುಣ ಬರುತ್ತದೆ. ರಸಾಯನಶಾಸ್ತ್ರದಲ್ಲಿ ಇಂಥವಕ್ಕೆ ಕೈರಲ್ ಅಣುಗಳು ಎನ್ನುತ್ತಾರೆ. ನಾನು ಇಲ್ಲಿ ಎಡಮುರಿ, ಬಲಮುರಿ ಎಂದೇ ಹೇಳುತ್ತಾ ಹೋಗುತ್ತೇನೆ.

ಇದರಿಂದ ನಮಗೇನು ಎಂದು ಕೇಳಿದರೆ, ನಮ್ಮ ಮೈ ಕೂಡ ಒಂದೇ ಮುರಿಯ ಅಣುಗಳಿಂದ ಕಟ್ಟಿದ್ದು. ಒಳಗೆ ಬರುವ ಔಷಧ ಯಾವ ಮುರಿಯದು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಬೇಲಿ ಸಾಲಿನಲ್ಲೂ ಕಾಡಂಚಿನ ಪೊದೆಯಲ್ಲೂ ಹಬ್ಬುವ ನಸುಗುನ್ನಿ ಬಳ್ಳಿಯನ್ನು ಹಳ್ಳಿಯ ಮಕ್ಕಳು ದೂರದಿಂದಲೇ ಗುರುತಿಸುತ್ತಾರೆ, ಕಾಯಿಯ ರೋಮ ತಾಗಿದರೆ ಮೈಯೆಲ್ಲ ತುರಿಕೆ. ಅದರ ಬೀಜದಲ್ಲಿ ಎಲ್-ಡೋಪಾ ಇದೆ ಎಂದು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು 1937ರಲ್ಲಿ ಮದರಾಸಿನಲ್ಲಿ ತೋರಿಸಿಕೊಟ್ಟರು. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಮುಖ್ಯ ಔಷಧ ಅದೇ. ಅದರ ಕನ್ನಡಿ ಜೋಡಿ ಕಾಯಿಲೆಗೆ ಉಪಯೋಗಕ್ಕೆ ಬರುವುದಿಲ್ಲ, ಮೇಲಾಗಿ ತೊಂದರೆ ಕೊಡುತ್ತದೆ.

ಕಷ್ಟ ಶುರುವಾಗುವುದು ಪ್ರಯೋಗಾಲಯದಲ್ಲಿ. ಯಾವ ಮುರಿಯೂ ಇಲ್ಲದ ಸಾಮಾನ್ಯ ವಸ್ತುಗಳನ್ನು ಬೆರೆಸಿ ಡೋಪಾ ಮಾಡಹೊರಟರೆ ಎಡಮುರಿ ಅರ್ಧ, ಬಲಮುರಿ ಅರ್ಧ ಬರುತ್ತದೆ. ಎರಡು ದಾರಿಗೂ ಖರ್ಚಾಗುವ ಶಕ್ತಿ ಒಂದೇ, ಹಾಗಾಗಿ ಪ್ರಕೃತಿ ಪಕ್ಷಪಾತ ಮಾಡುವುದಿಲ್ಲ. ಒಂದೇ ಮುರಿ ಬೇಕೆಂದರೆ ಎಲ್ಲಿಂದಲಾದರೂ ಒಂದು ಮುರಿಯನ್ನು ತಂದು ಒಳಗೆ ಸೇರಿಸಲೇಬೇಕು. ಅದು ಮರಗಿಡಗಳಲ್ಲಿ ಮೊದಲೇ ಸಿದ್ಧವಾಗಿದೆ. ಈ ವಿದ್ಯೆಯ ಅತ್ಯಂತ ಹೆಸರಾದ ಎರಡು ಸಾಧನಗಳ ಮೂಲ ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲೇ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಇಲ್ಲಿನ ಶಾಲಾ ಮಕ್ಕಳಿಗೆ ಹೇಳಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಮೊದಲನೆಯದು ಹುಣಸೆ. ಸಂಕ್ರಾಂತಿ ಕಳೆದ ಮೇಲೆ ಮರ ಬಡಿದು, ಓಡು ಒಡೆದು, ನಾರು ಎಳೆದು, ಬೀಜ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟುವ ಕೆಲಸ ಈ ಸೀಮೆಯ ಹೆಂಗಸರಿಗೆ ಕೈಗೆ ಹತ್ತಿದ್ದು. ಮಾವು ಮಾಗಿದಂತೆ ಹುಳಿ ಇಳಿಯುತ್ತದೆ. ಹುಣಸೆಯಲ್ಲಿ ಹಾಗಲ್ಲ. ಸಕ್ಕರೆ ಏರಿದರೂ ಹುಳಿ ಅಷ್ಟೇ ಉಳಿಯುತ್ತದೆ, ಏಕೆಂದರೆ ಅಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಕಾಯಿ ಮಾಗುವಾಗ ಖರ್ಚು ಮಾಡಿಕೊಳ್ಳುವುದಿಲ್ಲ. ಹಿತ್ತಾಳೆ ಪಾತ್ರೆಗೆ ಹೊಳಪು ತರುವುದೂ, ಸಾರಿಗೆ ರುಚಿ ಕೊಡುವುದೂ ಅದೇ ಆಮ್ಲ. ನಾಲ್ಕು ಇಂಗಾಲದ ಪುಟ್ಟ ಅಣು. ಅದರ ನಡುವಿನ ಎರಡು ಇಂಗಾಲಗಳೂ ಕೈರಲ್, ಮತ್ತು ಎರಡರದೂ ಒಂದೇ ಮುರಿ. ಅಣುವನ್ನು ಅರ್ಧ ಸುತ್ತು ತಿರುಗಿಸಿದರೆ ಮೊದಲಿದ್ದ ಹಾಗೇ ಕಾಣುತ್ತದೆ. ಈ ಸಮಮಿತಿ ಎಷ್ಟು ಬೆಲೆಯುಳ್ಳದ್ದು ಎಂದು ತಿಳಿಯಲು ಮನುಷ್ಯರಿಗೆ ನೂರಾರು ವರ್ಷ ಹಿಡಿಯಿತು.

1848ರಲ್ಲಿ, ಇನ್ನೂ 25 ವರ್ಷದ ಲೂಯಿ ಪಾಶ್ಚರ್, ಎರಡೂ ಮುರಿ ಬೆರೆತಿದ್ದ ಈ ಆಮ್ಲದ ಒಂದು ಲವಣದ ಹರಳುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಎಡಮುರಿ ಬೇರೆ, ಬಲಮುರಿ ಬೇರೆ ಎಂದು ಆರಿಸಿ ಎರಡು ಗುಡ್ಡೆ ಹಾಕಿದರು. ಅಣುಗಳಿಗೆ ಮುರಿ ಉಂಟು ಎಂಬುದು ಜಗತ್ತಿಗೆ ಗೊತ್ತಾದದ್ದು ಆಗ. ಆ ಲವಣ ಸುಮಾರು 27 ಡಿಗ್ರಿಗಿಂತ ತಂಪಿನಲ್ಲಿ ಮಾತ್ರ ಹಾಗೆ ಬೇರೆ ಬೇರೆ ಹರಳಾಗುತ್ತದೆ. ಪ್ಯಾರಿಸ್ಸಿನ ಚಳಿ ಅವರ ಕೈ ಹಿಡಿಯಿತು. ಚಾಮರಾಜನಗರದ ಏಪ್ರಿಲ್ ಬಿಸಿಲಿನಲ್ಲಿ ಅದೇ ಪ್ರಯೋಗ ಕೈಕೊಡುತ್ತಿತ್ತು.

ಇನ್ನು ಬೇಕಾದ ಮುರಿಯನ್ನೇ ಕೊಡಿಸುವ ಲಿಗ್ಯಾಂಡ್ ಎಂಬ ಸಾಧನದ ವಿಷಯಕ್ಕೆ ಬರೋಣ. ರಾಸಾಯನಿಕ ಕ್ರಿಯೆಯನ್ನು ನಡೆಸಿಕೊಡುವ ಲೋಹದ ಪರಮಾಣುವನ್ನು ಸುತ್ತಲಿಂದ ಹಿಡಿದುಕೊಂಡಿರುವ ಅಣುವೇ ಲಿಗ್ಯಾಂಡ್. ಕೆಲಸ ಲೋಹದ್ದು. ಕೆಲಸ ಯಾವ ಕಡೆಯಿಂದ ಆಗಬೇಕು ಎಂದು ತೀರ್ಮಾನಿಸುವುದು ಲಿಗ್ಯಾಂಡ್. ಲಿಗ್ಯಾಂಡ್‌ಗೆ ಮುರಿ ಇದ್ದರೆ ಲೋಹದ ಸುತ್ತ ಒಂದು ಬದಿ ಮುಚ್ಚಿ ಇನ್ನೊಂದು ಬದಿ ತೆರೆದಿರುತ್ತದೆ. ಕ್ರಿಯೆ ಮುಗಿದ ಮೇಲೆ ಲೋಹವೂ ಲಿಗ್ಯಾಂಡೂ ಹೊರಬಂದು ಮುಂದಿನ ಅಣುವನ್ನು ಹಿಡಿಯುತ್ತವೆ. ಹೀಗೆ ಒಂದು ಲಿಗ್ಯಾಂಡ್ ಅಣು ತನ್ನ ಮುರಿಯನ್ನು ಹತ್ತಾರು, ನೂರಾರು ಅಣುಗಳಿಗೆ ದಾಟಿಸುತ್ತದೆ. ಅಮೆರಿಕದ ಮೊನ್ಸಾಂಟೊ ಕಂಪನಿಯಲ್ಲಿ ವಿಲಿಯಂ ನೋಲ್ಸ್ 1970ರ ದಶಕದಲ್ಲಿ ರೋಡಿಯಂ ಲೋಹಕ್ಕೆ ಇಂಥ ಲಿಗ್ಯಾಂಡ್ ಕಟ್ಟಿ ಎಲ್-ಡೋಪಾವನ್ನು ಕಾರ್ಖಾನೆಯ ಮಟ್ಟದಲ್ಲಿ ತಯಾರಿಸಿದರು. ಫ್ರಾನ್ಸಿನ ಆನ್ರಿ ಕಗಾನ್ 1971ರಲ್ಲಿ ಟಾರ್ಟಾರಿಕ್ ಆಮ್ಲದಿಂದಲೇ ಡಯಾಪ್ ಎಂಬ ಲಿಗ್ಯಾಂಡ್ ಮಾಡಿದರು. ಅರ್ಧ ಸುತ್ತಿಗೆ ಮೊದಲಿನಂತೆಯೇ ಕಾಣುವ ಗುಣ ಇಲ್ಲಿ ಕೆಲಸಕ್ಕೆ ಬಂತು: ಒಳಬರುವ ಅಣುವಿಗೆ ಲೋಹವನ್ನು ತಲುಪುವ ಬೇರೆ ಬೇರೆ ದಾರಿಗಳು ಕಡಿಮೆಯಾದವು, ತಪ್ಪು ಮುರಿಯೂ ಕಡಿಮೆಯಾಯಿತು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು 1980ರ ಒಂದು ಕ್ರಿಯೆ. ಸ್ಟಾನ್‌ಫರ್ಡ್‌ನಲ್ಲಿದ್ದ ಬ್ಯಾರಿ ಶಾರ್ಪ್‌ಲೆಸ್ ಮತ್ತು ಜಪಾನಿನ ತ್ಸುತೊಮು ಕತ್ಸುಕಿ ಅದನ್ನು ಕಂಡುಹಿಡಿದವರು. ಗುಲಾಬಿಗೂ ರೋಷಾ ಹುಲ್ಲಿಗೂ ಪರಿಮಳ ಕೊಡುವ ಜಿರಾನಿಯಾಲ್ ಎಂಬ ವಸ್ತುವನ್ನು ತೆಗೆದುಕೊಳ್ಳಿ. ಅದರ ಅಣುವಿನ ಒಂದು ಭಾಗ ಚಪ್ಪಟೆಯಾಗಿದೆ. ಅಲ್ಲಿಗೆ ಒಂದು ಆಮ್ಲಜನಕ ಪರಮಾಣುವನ್ನು ಸೇರಿಸಬೇಕು. ಮೇಲಿನಿಂದ ಬಂದರೆ ಒಂದು ಮುರಿ, ಕೆಳಗಿನಿಂದ ಬಂದರೆ ಇನ್ನೊಂದು. ಅವರು ಬಳಸಿದ ಲೋಹ ಟೈಟಾನಿಯಂ, ಲಿಗ್ಯಾಂಡ್ ನಮ್ಮ ಹುಣಸೆಯಲ್ಲಿರುವ ಅದೇ ಟಾರ್ಟಾರಿಕ್ ಆಮ್ಲದ ಒಂದು ಎಸ್ಟರ್, ಅಂದರೆ ಟಾರ್ಟ್ರೇಟ್. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಂಪಿನಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಅಣುಗಳು ಬೇಕಾದ ಮುರಿಯಲ್ಲೇ ಬಂದವು. ಎರಡು ಟೈಟಾನಿಯಂ, ಎರಡು ಟಾರ್ಟ್ರೇಟ್ ಸೇರಿ ಒಂದು ಜೋಡಿ ಕಟ್ಟಿಕೊಳ್ಳುತ್ತವೆ. ಜಿರಾನಿಯಾಲ್ ತನ್ನ ಆಲ್ಕೊಹಾಲ್ ತುದಿಯಿಂದ ಟೈಟಾನಿಯಂಗೆ ಕಚ್ಚಿಕೊಳ್ಳುತ್ತದೆ, ಆಮ್ಲಜನಕ ತರುವ ಪೆರಾಕ್ಸೈಡೂ ಅದೇ ಟೈಟಾನಿಯಂ ಮೇಲೆ ಕೂರುತ್ತದೆ. ಇನ್ನು ಆಮ್ಲಜನಕಕ್ಕೆ ಸರಿಯಾಗಿ ತಲುಪಲು ಇರುವುದು ಒಂದೇ ಮುಖ. ಟಾರ್ಟ್ರೇಟ್ ಹಿಡಿದಿರುವ ಟೈಟಾನಿಯಂ, ಬರಿಯ ಟೈಟಾನಿಯಂಗಿಂತ ವೇಗವಾಗಿಯೂ ಕೆಲಸ ಮಾಡುತ್ತದೆ. ಹಾಗಿಲ್ಲದಿದ್ದರೆ ಅಲ್ಲಲ್ಲಿ ಬಿಡಿಯಾಗಿ ಉಳಿದ ಲೋಹ ಎರಡೂ ಮುರಿಯನ್ನು ಬೆರೆಸಿ ಎಲ್ಲವನ್ನೂ ಕೆಡಿಸುತ್ತಿತ್ತು. 1986ರಲ್ಲಿ ನೀರು ಹೀರುವ ಖನಿಜದ ಪುಡಿ ಸೇರಿಸಿ ನೋಡಿದ ಮೇಲೆ ನೂರು ಅಣುಗಳಿಗೆ ಐದರಿಂದ ಹತ್ತು ಟೈಟಾನಿಯಂ ಸಾಕಾಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಕವಿರಾಯಣಿ ಆರ್. ಪ್ರಸಾದ್ ಅವರ ತಂಡ ಇದೇ ಆಮ್ಲವನ್ನು ಇನ್ನೊಂದು ರೀತಿ ದುಡಿಸಿಕೊಂಡಿದೆ. ಅಲ್ಲಿ ಅದು ಲಿಗ್ಯಾಂಡ್ ಆಗಿ ಹೊರಗೆ ನಿಲ್ಲುವುದಿಲ್ಲ. ಟಾರ್ಟಾರಿಕ್ ಆಮ್ಲದಿಂದಲೇ ಶುರುಮಾಡಿ, ಅದರ ಇಂಗಾಲದ ಸರಪಳಿಯನ್ನು ಬೆಳೆಸುತ್ತಾ ಹೋಗಿ, ಜೀವಿಗಳಲ್ಲಿ ಸಿಗುವ ಸಂಕೀರ್ಣ ಅಣುಗಳನ್ನು ಕಟ್ಟುತ್ತಾರೆ. ಆಮ್ಲದ ಮುರಿ ಕೊನೆಯ ಅಣುವಿನೊಳಗೇ ಉಳಿಯುತ್ತದೆ.

ಹುಣಸೆಗೆ ಒಂದು ಮಿತಿ ಇದೆ. ಅದು ಕೊಡುವುದು ಒಂದೇ ಮುರಿ. ಎದುರು ಮುರಿಯ ಟಾರ್ಟಾರಿಕ್ ಆಮ್ಲ ಪ್ರಕೃತಿಯಲ್ಲಿ ಬಹಳ ಅಪರೂಪ. ನಮ್ಮ ಮಂದಾರದ ಬಳಗದ, ಆಫ್ರಿಕದ ಒಂದು ಮರದ ಎಲೆಯಲ್ಲಿ ಅದು ಸಿಕ್ಕಿದೆ. ಉಳಿದಂತೆ ಎರಡರ ಮಿಶ್ರಣ ಮಾಡಿಕೊಂಡು ಬೇರ್ಪಡಿಸಬೇಕು. 1853ರಲ್ಲಿ ಪಾಶ್ಚರ್ ಹರಳು ಆರಿಸುವುದನ್ನು ಬಿಟ್ಟು ಹಾಗೆ ಬೇರ್ಪಡಿಸಿದರು. ಅದಕ್ಕೆ ಅವರು ಬಳಸಿದ್ದು ಸಿಂಕೋನಾ ತೊಗಟೆಯಿಂದ ಬಂದ ಕ್ಷಾರಗಳನ್ನು.

ಆ ಸಿಂಕೋನಾಕ್ಕಾಗಿ ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಗೂಡಲೂರಿನ ಮೇಲೆ ಘಾಟಿ ಹತ್ತಿದರೆ ಸಾಕು, ನಡುವಟ್ಟಂ ಸಿಗುತ್ತದೆ. ದಕ್ಷಿಣ ಅಮೆರಿಕದಿಂದ ಕ್ಲೆಮೆಂಟ್ಸ್ ಮಾರ್ಕಮ್ ತರಿಸಿದ ಸಸಿಗಳನ್ನು 1860ರ ದಶಕದಲ್ಲಿ ಊಟಿಯ ಉದ್ಯಾನದ ವಿಲಿಯಂ ಮ್ಯಾಕೈವರ್ ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ನೆಡಿಸಿದರು. ಅಲ್ಲಿ ಚೀನೀ ಕೈದಿಗಳ ಕೈಯಲ್ಲಿ ದುಡಿಸಿಕೊಂಡ ಕಥೆ ನೋವಿನದು, ಮರೆಯಬಾರದ್ದು. ಮಲೇರಿಯಾಕ್ಕೆ ಕ್ವಿನೈನ್ ತೆಗೆಯಲು ನೆಟ್ಟ ಆ ಮರಗಳ ತೊಗಟೆಯಲ್ಲಿ ಕ್ವಿನಿಡಿನ್ ಎಂಬ ಇನ್ನೊಂದು ಅಣುವೂ ಇದೆ. ಎರಡರ ಸೂತ್ರ ಒಂದೇ. ಪೂರ್ತಿ ಕನ್ನಡಿ ಜೋಡಿಗಳಲ್ಲದಿದ್ದರೂ, ಲೋಹವನ್ನು ಹಿಡಿಯುವ ಭಾಗದಲ್ಲಿ ಒಂದು ಎಡಮುರಿ, ಇನ್ನೊಂದು ಬಲಮುರಿ.

1988ರಲ್ಲಿ ಶಾರ್ಪ್‌ಲೆಸ್ ತಂಡ ಇವೆರಡರ ರೂಪಾಂತರಗಳನ್ನು ಆಸ್ಮಿಯಂ ಲೋಹದ ಲಿಗ್ಯಾಂಡ್ ಮಾಡಿತು. ಇಂಗಾಲದ ಜೋಡಿಬಂಧಕ್ಕೆ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಒಂದೇ ಮುಖದಿಂದ ಸೇರಿಸುವ ಕ್ರಿಯೆ ಅದು. 2001ರ ನೊಬೆಲ್‌ನ ಅರ್ಧ ಭಾಗ ಶಾರ್ಪ್‌ಲೆಸ್‌ಗೆ ಬಂದದ್ದು ಹುಣಸೆಯ ಕ್ರಿಯೆಗೂ ಸಿಂಕೋನಾದ ಕ್ರಿಯೆಗೂ ಸೇರಿ. ಉಳಿದರ್ಧವನ್ನು ನೋಲ್ಸ್ ಮತ್ತು ಜಪಾನಿನ ರ‍್ಯೋಜಿ ನೊಯೊರಿ ಹಂಚಿಕೊಂಡರು. ಈಗ ಸಿಂಕೋನಾದ ಕ್ರಿಯೆಗೆ ಬೇಕಾದ ಆಸ್ಮಿಯಂ, ಲಿಗ್ಯಾಂಡ್ ಬೆರೆತ ಮಿಶ್ರಣ ಡಬ್ಬಿಯಲ್ಲಿ ಸಿದ್ಧವಾಗಿ ಸಿಗುತ್ತದೆ, ಕಿತ್ತಳೆ ಬಣ್ಣದ ಪುಡಿ. ನೂರು ಅಣುಗಳ ಕೆಲಸಕ್ಕೆ ಅದರಲ್ಲಿ ಇರುವುದು ಒಂದು ಲಿಗ್ಯಾಂಡ್ ಅಣು, ಆಸ್ಮಿಯಂ ಅದಕ್ಕಿಂತಲೂ ಕಡಿಮೆ. ಕ್ವಿನೈನ್ ವಂಶದ ಡಬ್ಬಿಗೆ ಆಲ್ಫಾ ಎಂದೂ, ಕ್ವಿನಿಡಿನ್ ವಂಶದ್ದಕ್ಕೆ ಬೀಟಾ ಎಂದೂ ಹೆಸರು. ಎಡಮುರಿ ಬೇಕಾದರೆ ಒಂದು ಡಬ್ಬಿ, ಬಲಮುರಿ ಬೇಕಾದರೆ ಇನ್ನೊಂದು. ಎರಡೂ ಒಂದೇ ತೊಗಟೆಯಿಂದ.