ಸರಾಸರಿ ಲೆಕ್ಕಕ್ಕೆ ಸಿಗದ ಅಲೆ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸಮುದ್ರದ ಅಲೆಯ ಲೆಕ್ಕಾಚಾರಕ್ಕೂ ಗಿರಣಿಯಲ್ಲಿ ದುಡಿಯುವವರಿಗೂ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ದಂಡೆಯಲ್ಲಿ ಯಾರು ಮನೆ ಕಟ್ಟಬಹುದು, ಯಾರು ಜಾಗ ಬಿಟ್ಟು ಏಳಬೇಕು, ತುಫಾನು ಬಂದಾಗ ಯಾರು ಎಷ್ಟು ದೂರ ಓಡಬೇಕು, ಇವೆಲ್ಲ ಇಂದು ಲೆಕ್ಕದ ಮೇಲೆ ತೀರ್ಮಾನವಾಗುತ್ತವೆ. ಲೆಕ್ಕ ತಪ್ಪಿದರೆ ಬೆಲೆ ತೆರುವವರು ಗುಡಿಸಲಿನವರು, ಲೆಕ್ಕ ಬರೆದವರಲ್ಲ. ಆದುದರಿಂದ ಲೆಕ್ಕ ಹೇಗೆ ಹಾಕುತ್ತಾರೆಂಬುದನ್ನು ನಾವು ತಿಳಿದಿರಬೇಕು.

2013ರ ನವೆಂಬರ್ 8ರಂದು ಹೈಯಾನ್ ಎಂಬ ಚಂಡಮಾರುತ ಫಿಲಿಪ್ಪೀನ್ಸ್ ದೇಶದ ಮೇಲೆ ಎರಗಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು 6,300 ಜನ. ಅತಿ ಹೆಚ್ಚು ಸಾವಾದುದು ಟಕ್ಲೋಬಾನ್ ನಗರದಲ್ಲಿ. ಅಲ್ಲಿಯ ಕೊಲ್ಲಿ ಆಳವಿಲ್ಲದ್ದು, ಒಳಹೋದಂತೆ ಕಿರಿದಾಗುವಂಥದು. ಗಾಳಿ ನೀರನ್ನು ಅದರೊಳಕ್ಕೆ ತಳ್ಳಿ ತುಂಬಿತು. ಇದು ಹಿಂದಿನಿಂದ ತಿಳಿದ ಬಗೆಯ ಪ್ರವಾಹ.

ಹೆರ್ನಾನಿಯ ಕಥೆ ಬೇರೆ. ಇದು ಸಮಾರ್ ದ್ವೀಪದ ಪೂರ್ವ ದಂಡೆಯ ಒಂದು ಸಣ್ಣ ಊರು. ಎದುರಿಗೆ ಮಹಾಸಾಗರ; ಸಮುದ್ರದ ನೆಲ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಅಂಥ ಕಡೆ ಗಾಳಿ ತಳ್ಳಿದ ನೀರು ಗುಡ್ಡೆಯಾಗಿ ನಿಲ್ಲುವುದಿಲ್ಲ, ಅಡಿಯಿಂದ ಹಿಂದಕ್ಕೆ ಹರಿದುಹೋಗುತ್ತದೆ. ಮೇಲಾಗಿ ಊರ ಮುಂದೆ ಅಗಲವಾದ ಹವಳದ ದಿಬ್ಬವಿದೆ. ಅಲೆಗಳು ಅದರ ಅಂಚಿನಲ್ಲೇ ಒಡೆಯುತ್ತವೆ. ಹೀಗಿರುವಾಗ ಅಪಾಯ ಕಡಿಮೆ ಎಂದೇ ಯಾರಾದರೂ ಹೇಳುತ್ತಿದ್ದರು. ಆದರೆ ಅಂದು ನೀರಿನ ಗೋಡೆಯೊಂದು ಸುನಾಮಿಯಂತೆ ನುಗ್ಗಿ ಮನೆಗಳನ್ನು ಕ್ಷಣಮಾತ್ರದಲ್ಲಿ ಕೊಚ್ಚಿಕೊಂಡು ಹೋಯಿತು. ಅಲ್ಲಿದ್ದವರೊಬ್ಬರು ತೆಗೆದ ಚಿತ್ರ ಇದಕ್ಕೆ ಸಾಕ್ಷಿಯಾಗಿ ಉಳಿದಿದೆ. ಭೂಕಂಪವೇ ಆಗದೆ ಸುನಾಮಿ ಬಂದುದು ಹೇಗೆ?

ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದಲ್ಲಿದ್ದ ರೋಬರ್ ಮತ್ತು ಬ್ರಿಕರ್ ಎಂಬ ಇಬ್ಬರು 2015ರಲ್ಲಿ ಉತ್ತರ ಪ್ರಕಟಿಸಿದರು. ತುಫಾನಿನ ಅಲೆಗಳು ಒಂದೊಂದಾಗಿ ಸಮನಾಗಿ ಬರುವುದಿಲ್ಲ, ತಂಡತಂಡವಾಗಿ ಬರುತ್ತವೆ. ದೊಡ್ಡ ಅಲೆಗಳ ತಂಡ ದಿಬ್ಬದ ಅಂಚಿನಲ್ಲಿ ಒಡೆದಾಗ ಒಳಗಿನ ನೀರಿನ ಮಟ್ಟವೇ ಏರುತ್ತದೆ. ಸಣ್ಣ ಅಲೆಗಳ ತಂಡ ಬಂದಾಗ ಇಳಿಯುತ್ತದೆ. ಈ ಏರಿಳಿತವೇ ನಿಮಿಷಗಟ್ಟಲೆ ಉದ್ದದ ಇನ್ನೊಂದು ಅಲೆಯಾಗುತ್ತದೆ. ಒಡೆದ ಅಲೆಗಳ ನೊರೆ ದಿಬ್ಬದ ಮೇಲೆ ಅಡಗಿದರೂ, ಈ ಉದ್ದನೆಯ ಅಲೆ ಅಡಗದೆ ಊರಿನ ತನಕ ಬರುತ್ತದೆ. ಹೆರ್ನಾನಿಯನ್ನು ಹೊಡೆದದ್ದು ಇದೇ.

ಈ ಏರಿಳಿತ ಹೊಸ ಸಂಗತಿಯೇನಲ್ಲ. ವಾಲ್ಟರ್ ಮಂಕ್ ಎಂಬ ವಿಜ್ಞಾನಿ 1949ರಲ್ಲೇ ಇದನ್ನು ವಿವರಿಸಿದ್ದರು. ಹಾಗಾದರೆ ರೂಢಿಯ ಲೆಕ್ಕಕ್ಕೆ ಅದು ಯಾಕೆ ಸಿಗಲಿಲ್ಲ? ಇಲ್ಲಿಯೇ ನಮಗೆ ಪಾಠವಿದೆ.

ಸಮುದ್ರದ ಲೆಕ್ಕವೆಂದರೆ ಅಂಗಡಿಯ ಜಮಾ-ಖರ್ಚಿನಂತೆಯೇ. ಸಮುದ್ರವನ್ನು ಚೌಕಚೌಕವಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಚೌಕಕ್ಕೆ ಎಷ್ಟು ನೀರು ಬಂತು, ಎಷ್ಟು ಹೋಯಿತು, ಯಾವ ಬಲ ಎಷ್ಟು ತಳ್ಳಿತು ಎಂದು ಕಂಪ್ಯೂಟರ್ ಯಂತ್ರ ಕ್ಷಣಕ್ಷಣಕ್ಕೂ ಬರೆಯುತ್ತದೆ. ಆದರೆ ವಿಶಾಲ ಸಾಗರದಲ್ಲಿ ಒಂದೊಂದು ಅಲೆಯನ್ನೂ ಬರೆಯುವುದು ಬಹಳ ದುಬಾರಿ. ಆದುದರಿಂದ ರೂಢಿಯ ಲೆಕ್ಕಗಳಲ್ಲಿ ಅಲೆಗಳ ಸರಾಸರಿಯನ್ನು ಹಿಡಿಯುತ್ತಾರೆ. ವ್ಯಾಪಾರಿಗಳಾದ ನಿಮಗೆ ಗೊತ್ತು: ತಿಂಗಳ ಸರಾಸರಿ ನೋಡಿದರೆ ಅಂಗಡಿ ಲಾಭದಲ್ಲಿರಬಹುದು, ಆದರೆ ಸಾಲ ಕೊಟ್ಟವರೆಲ್ಲ ಒಂದೇ ದಿನ ಬಾಗಿಲಿಗೆ ಬಂದರೆ ಅಂಗಡಿ ಮುಚ್ಚಿಹೋಗುತ್ತದೆ. ಗಿರಣಿಯ ಸರಾಸರಿ ಕೂಲಿ ಏರಿದೆಯೆಂದರೆ ಬದಲಿ ಕಾರ್ಮಿಕನ ಮನೆಯಲ್ಲಿ ಒಲೆ ಉರಿಯಿತೆಂದು ಅರ್ಥವಲ್ಲ. ಹಾಗೆಯೇ ಅಲೆಗಳ ಸರಾಸರಿಯಲ್ಲಿ ತಂಡ ಕರಗಿಹೋಗುತ್ತದೆ. ಕೊಂದದ್ದು ತಂಡವೇ.

ರೋಬರ್ ಮತ್ತು ಬ್ರಿಕರ್ ಒಂದೊಂದು ಅಲೆಯನ್ನೂ ಬಿಡದೆ ಲೆಕ್ಕ ಹಾಕಿದರು. ಇದಕ್ಕೆ ಆಧಾರವಾದ ಸಮೀಕರಣಗಳ ಮೂಲ ಫ್ರಾನ್ಸಿನ ಬೂಸಿನೆಸ್ಕ್ 1870ರ ದಶಕದಲ್ಲಿ ಬರೆದದ್ದು. ಗಣಿತ ಹಳೆಯದು, ಅದನ್ನು ದಂಡೆಯ ಒಂದೊಂದು ತುಂಡಿಗೂ ಅನ್ವಯಿಸುವ ಯಂತ್ರಶಕ್ತಿ ಹೊಸದು.

ಹವಳದ ದಿಬ್ಬ ಶತ್ರುವೆಂದು ಯಾರೂ ತಿಳಿಯಬಾರದು. ಅನೇಕ ದೇಶಗಳ ಅಳತೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ ದಿಬ್ಬಗಳು ಅಲೆಯ ಶಕ್ತಿಯಲ್ಲಿ ಸರಾಸರಿ ನೂರಕ್ಕೆ 97 ಪಾಲನ್ನು ತಡೆಯುತ್ತವೆ. ಸಾಮಾನ್ಯ ತುಫಾನಿನಲ್ಲಿ ಊರು ಕಾಯುವುದು ಅದೇ. ಆದರೆ ಮಹಾ ತುಫಾನಿನಲ್ಲಿ ಅದೇ ದಿಬ್ಬ ಹಾನಿಯನ್ನು ಹೆಚ್ಚಿಸಬಹುದು. ಎರಡೂ ನಿಜ, ಎರಡನ್ನೂ ಜನರಿಗೆ ಹೇಳಬೇಕು.

ನಮಗೆ ಹತ್ತಿರದ ಹವಳದ ನಾಡು ಲಕ್ಷದ್ವೀಪ. ಅದರ ಅಮಿನ್‌ದಿವಿ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹುರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಹಳೆ ಬಂದರಿಗೂ ಅವರಿಗೂ ಇರುವ ವ್ಯಾಪಾರದ ನಂಟು ಹಳೆಯದು. ಆ ನೆಲ ಸಮುದ್ರದ ಮಟ್ಟಕ್ಕಿಂತ ಕೆಲವೇ ಅಡಿ ಮೇಲಿದೆ. 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತ ಅಲ್ಲಿ ಹಾದುಹೋಯಿತು. ಇನ್ನೊಂದು ಕಡೆ 1998, 2010, 2016ರಲ್ಲಿ ಸಮುದ್ರ ಕಾದು ಅಲ್ಲಿಯ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿತು. ಹವಳ ಸತ್ತರೆ ದಿಬ್ಬ ಕ್ರಮೇಣ ಸವೆಯುತ್ತದೆ, ಸಮುದ್ರದ ಮಟ್ಟವೂ ಏರುತ್ತಿದೆ. ಮೇಲಿನ ನೀರು ಆಳವಾಗುತ್ತದೆ. ಅಲೆ ಸಾಮಾನ್ಯವಾಗಿ ನೀರಿನ ಆಳದ ಮುಕ್ಕಾಲು ಪಾಲಿಗಿಂತ ಎತ್ತರವಾದರೆ ಒಡೆಯುತ್ತದೆ. ಆಳ ಹೆಚ್ಚಿದಷ್ಟೂ ದೊಡ್ಡ ಅಲೆ ಒಡೆಯದೆ ಒಳಬರುತ್ತದೆ. ಸಮುದ್ರ ಕಾದುದಕ್ಕೆ ಕಾರಣವಾದ ಹೊಗೆ ಆ ದ್ವೀಪದ ಮೀನುಗಾರನ ಒಲೆಯದಲ್ಲ ಎಂಬುದನ್ನು ಮರೆಯಬಾರದು.

ಹೈಯಾನ್ ಬಳಿಕ ಫಿಲಿಪ್ಪೀನ್ಸ್ ಸರ್ಕಾರ ದಡದಿಂದ 40 ಮೀಟರಿನೊಳಗೆ ಮನೆ ಕಟ್ಟಕೂಡದೆಂದಿತು. ಮೀನುಗಾರರು ವಿರೋಧಿಸಿದರು. ದಡ ಬಿಟ್ಟರೆ ಅವರಿಗೆ ಅನ್ನವಿಲ್ಲ. ಒಂದು ಊರಿಗೆ 40 ಮೀಟರು ಬೇಕಾದುದಕ್ಕಿಂತ ಹೆಚ್ಚು, ಇನ್ನೊಂದಕ್ಕೆ ಏನೇನೂ ಸಾಲದು. ಎಲ್ಲ ಊರಿಗೂ ಒಂದೇ ಗೆರೆ ಎಳೆಯುವುದು ಸರಾಸರಿ ಲೆಕ್ಕದ ಇನ್ನೊಂದು ರೂಪ.

ನಾವು ಕೇಳಬೇಕಾದುದು ಮೂರು. ಒಂದು, ಒಂದೊಂದು ದಂಡೆಯ ನೆಲವನ್ನೂ ದಿಬ್ಬವನ್ನೂ ಅಳೆದು ಅಲ್ಲಿಗೇ ತಕ್ಕ ಲೆಕ್ಕ ಹಾಕಬೇಕು. ಈ ಕೆಲಸ ಸಾರ್ವಜನಿಕ ಹಣದಿಂದ ನಡೆದು ಫಲ ಎಲ್ಲರ ಕೈಗೆ ಸಿಗಬೇಕು. ಎರಡು, ಎಚ್ಚರಿಕೆ ಜನರ ಮಾತಿನಲ್ಲಿರಬೇಕು. ಹೈಯಾನ್ ಬರುವ ಮೊದಲು ಅಧಿಕಾರಿಗಳು ‘ಸ್ಟಾರ್ಮ್ ಸರ್ಜ್’ ಎಂದರು. ‘ಸುನಾಮಿಯಂತೆ ನೀರು ಬರುತ್ತದೆ’ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕಿ ಉಳಿದವರು ಹೇಳಿದರು. ಮೂರು, ಹವಳದ ದಿಬ್ಬವನ್ನು ಊರ ಕೆರೆಯ ಏರಿಯಂತೆ ಸಾರ್ವಜನಿಕ ಆಸ್ತಿಯೆಂದು ಕಾಯಬೇಕು.

ಲೆಕ್ಕ ದುಬಾರಿಯಾಗುತ್ತದೆ ಎನ್ನುವವರಿದ್ದಾರೆ. ಹೆರ್ನಾನಿಯಲ್ಲಿ ಅಗ್ಗದ ಲೆಕ್ಕಕ್ಕೆ ಬೆಲೆ ತೆತ್ತವರು ಯಾರೆಂಬುದನ್ನು ಅವರಿಗೆ ನೆನಪಿಸೋಣ.